ದಿಂಬು ಹಿಚುಕಿ ನೋಡುವ ಮುತ್ಸುಕೊ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಹೊರಗೆ ಜೂನ್ ಕೊನೆಯ ಜಿಟಿಜಿಟಿ ಮಳೆ. ತೊಮೆ ಅಜ್ಜಿಯ ಮನೆಯ ಒಳಕೋಣೆಯಲ್ಲಿ ಒರಿಕಾಸಾ ಮುತ್ಸುಕೊ ಚಾಪೆಯ ಮೇಲೆ ಮಂಡಿಯೂರಿ ಕೂತು ದಿಂಬು ಹಿಚುಕುತ್ತಿದ್ದಾರೆ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ, ಮೂಸುತ್ತಾರೆ, ಪಕ್ಕಕ್ಕಿಡುತ್ತಾರೆ. ಮತ್ತೊಂದನ್ನು ಎತ್ತುತ್ತಾರೆ. ಅರವತ್ತೊಂದು ವರ್ಷದ ಮಂಡಿ ಪ್ರತಿ ಸಲ ಲಟಕ್ಕೆನ್ನುತ್ತದೆ.

"ಮುತ್ಸು-ಚಾನ್, ಜಪ್ತಿ ಮಾಡೋಕೆ ಬಂದ ಪೊಲೀಸರೂ ಇಷ್ಟು ಹುಡುಕಲ್ಲ ಕಣೆ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ತೊಮೆ ಅಜ್ಜಿ.

ಮುತ್ಸುಕೊ ಗೋಡೆ ಬೀರುವಿನ ಬಾಗಿಲು ಸರಿಸಿ, ಚಳಿಗಾಲದ ಹಾಸಿಗೆಗಳ ಹಿಂದೆ ಭುಜದವರೆಗೆ ಕೈ ತೂರಿಸುತ್ತಾರೆ. ಅಲ್ಲಿಂದ ಹೊರಬಂದ ಪುಟ್ಟ ದಿಂಬು ಅಲುಗಿದ ಕೂಡಲೇ ಸರಸರ ಸದ್ದು ಮಾಡುತ್ತದೆ. ಸೋಬಾ ಎಂಬ ಕಾಳಿನ ಹೊಟ್ಟು ತುಂಬಿದ ದಿಂಬು.

ಅಜ್ಜಿಯ ಮುಖ ಸಪ್ಪಗಾಗುತ್ತದೆ. "ಅದು ನಂದು. ಐವತ್ತು ವರ್ಷದಿಂದ ಅದರ ಮೇಲೇ ತಲೆ ಇಟ್ಟಿರೋದು. ಇವತ್ತು ಬರೋ ಹುಡುಗಿ ಕೋಣೆಗೆ ತರಲ್ಲ, ಆಣೆ."

"ಹತ್ತು ದಿನ ಅಜ್ಜಿ. ಹತ್ತೇ ದಿನ."

"ಹತ್ತು ದಿನ ನಿದ್ದೆ ಇಲ್ಲದಿದ್ರೆ ನಾನು ಸತ್ತೇ ಹೋಗ್ತೀನಿ."

"ನೀವು ಸಾಯಲ್ಲ. ಅವಳು ಸಾಯಬಹುದು." ಮುತ್ಸುಕೊ ದಿಂಬನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ ಕಟ್ಟುತ್ತಾರೆ. ಅಜ್ಜಿಯ ಸೊಸೆಯಿಂದ ಸಾಬೂನು ಕೇಳಿ ಮೊಣಕೈವರೆಗೆ ತೊಳೆದುಕೊಳ್ಳುತ್ತಾರೆ. ಆಮೇಲೆ ತಮ್ಮ ಕೈಚೀಲದಿಂದ ತಾವೇ ಹೊಲಿದ ಹತ್ತಿಯ ದಿಂಬನ್ನು ತೆಗೆದು ಅಜ್ಜಿಯ ಮುಂದಿಟ್ಟು, ಹಣೆ ಚಾಪೆಗೆ ತಾಗುವಂತೆ ಬಾಗಿ ವಂದಿಸುತ್ತಾರೆ. ಅಜ್ಜಿ ಅದನ್ನು ಒತ್ತಿ ನೋಡಿ, "ತೋಫು ಇದ್ದ ಹಾಗಿದೆ," ಎಂದು ಗೊಣಗುತ್ತಾರೆ. ಆದರೂ ತೆಗೆದುಕೊಳ್ಳುತ್ತಾರೆ.

ಜಪಾನಿನ ನಮ್ಮ ಕುರಾಸಾವಾ ಸೋಬಾ ಬೆಳೆಯುವ ಊರು. ಮದುವೆಗೆ ಸೋಬಾ ಶಾವಿಗೆ, ತಿಥಿಗೆ ಸೋಬಾ ಶಾವಿಗೆ. ಹಿಟ್ಟು ಹೊಟ್ಟೆಗೆ, ಹೊಟ್ಟು ದಿಂಬಿಗೆ. ಇಂಥ ಊರಿಗೆ ಮೂವತ್ತೊಂದು ವರ್ಷದಿಂದ ಪ್ರತಿ ಬೇಸಿಗೆ ಅಮೆರಿಕದ ಹ್ಯಾಲ್‌ಬ್ರೂಕ್ ಎಂಬ ಪುಟ್ಟ ಊರಿನಿಂದ ಹೈಸ್ಕೂಲು ಮಕ್ಕಳು ಬರುತ್ತಾರೆ. ನಮ್ಮ ಮನೆಗಳಲ್ಲಿ ಉಳಿದು, ನಮ್ಮ ಮಕ್ಕಳ ಜೊತೆ ಸೇರಿ ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನು ತಾವೇ ಯೋಚಿಸಿ ಮಾಡುತ್ತಾರೆ. ವಸಂತದಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ನಾಯಕತ್ವ ಕಲಿಯಲಿ ಎಂಬುದು ಕಾರ್ಯಕ್ರಮದ ಉದ್ದೇಶ. ಫೋಟೋದಲ್ಲಿ ಮೇಯರ್ ಇರುತ್ತಾರೆ, ಮಕ್ಕಳಿರುತ್ತಾರೆ, ಎರಡು ಬಾವುಟಗಳಿರುತ್ತವೆ. ಮುತ್ಸುಕೊ ಇರುವುದಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವರು ಯಾರದೋ ಸೂಟ್‌ಕೇಸು ಯಾವ ಮನೆಗೆ ಹೋಯಿತೆಂದು ಹುಡುಕುತ್ತಿರುತ್ತಾರೆ.

ಅವರು ಪುರಸಭೆಯ ವಿನಿಮಯ ಸಂಘದಲ್ಲಿ ಗುತ್ತಿಗೆ ನೌಕರರು. ಪ್ರತಿ ಮಾರ್ಚ್‌ನಲ್ಲಿ ಹೊಸ ಕಾಗದಕ್ಕೆ ಮುದ್ರೆ ಒತ್ತಿದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಮೊದಲು ಇಪ್ಪತ್ತು ವರ್ಷ ಊರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ಅದು ಮುಚ್ಚಿದ ಮೇಲೆ ಮಕ್ಕಳ ಹೆಸರಿನ ಬಿಲ್ಲೆ ಬರೆಯಲು ಮೂರು ತಿಂಗಳಿಗೆಂದು ಸಂಘಕ್ಕೆ ಬಂದವರು, ಇಪ್ಪತ್ತಮೂರು ವರ್ಷದಿಂದ ಅಲ್ಲೇ ಇದ್ದಾರೆ. ಇಂಗ್ಲಿಷ್ ಕಲಿತದ್ದು ಅಡುಗೆಮನೆಯ ರೇಡಿಯೊದಿಂದ. "ಮೂಲಂಗಿ ಹೆಚ್ಚೋವಾಗ ಕಲಿತ ಇಂಗ್ಲಿಷು. ಅದಕ್ಕೇ ತುಂಡು ತುಂಡು," ಎಂದು ನಗುತ್ತಾರೆ.

ಈ ಸಲ ಬರುವವರು ಹದಿನಾಲ್ಕು ಮಕ್ಕಳು, ಉಳಿಸಿಕೊಳ್ಳುವ ಮನೆಗಳು ಹನ್ನೊಂದು. ಒಬ್ಬೊಬ್ಬರಿಗೂ ಮೂವತ್ತೊಂಬತ್ತು ಪ್ರಶ್ನೆಗಳ ಹಾಳೆ. ನಾಯಿ ಕಂಡರೆ ಭಯವೇ, ನಿದ್ದೆಯಲ್ಲಿ ನಡೆಯುತ್ತೀರಾ, ಯಾವ ಔಷಧ, ಏನು ತಿಂದರೆ ಆಗುವುದಿಲ್ಲ. ಬರುವ ಹಿಂದಿನ ದಿನ ಅವರು ಮಾಡಿದ ಫೋನುಗಳನ್ನು, ಊರಿನ ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ಜೊತೆಗಿದ್ದ ನಾನು ಎಣಿಸಿದೆ: ಐವತ್ತೆರಡು. ಅದರಲ್ಲಿ ಒಂಬತ್ತು ತೊಮೆ ಅಜ್ಜಿಯ ಮನೆಗೇ. ಅಲ್ಲಿ ಉಳಿಯಬೇಕಾದವಳು ಟೆಸ್ಸಾ ಲಿಂಡ್‌ಕ್ವಿಸ್ಟ್, ಹದಿನೈದು ವರ್ಷ. ಬರಬೇಕಿದ್ದ ಹುಡುಗ ಕಾಲು ಮುರಿದುಕೊಂಡದ್ದರಿಂದ ಎರಡು ವಾರದ ಹಿಂದೆ ಅವಳ ಹೆಸರು ಸೇರಿತು. ಹಾಳೆಯ ಹದಿನೇಳನೇ ಪ್ರಶ್ನೆಗೆ ಅವಳ ತಾಯಿ ದಪ್ಪ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಸೋಬಾ. ತಿಂದರೂ ಆಗದು, ಉಸಿರಿನಲ್ಲಿ ಹೋದರೂ ಆಗದು.

ದಿಂಬಿನ ತಪಾಸಣೆ ಶುರುವಾಗಿ ಒಂಬತ್ತು ವರ್ಷವಾಯಿತು. ಆ ವರ್ಷ ಕೋಡಿ ರೆನ್‌ಶಾ ಎಂಬ ಹುಡುಗ ಬಂದಿದ್ದ. ಸೋಬಾ ಕೊಡಬೇಡಿ ಎಂದು ಮುತ್ಸುಕೊ ಆ ಮನೆಯವರಿಗೆ ನಾಲ್ಕು ಸಲ ಹೇಳಿದ್ದರು. ಅವರು ಕೊಡಲಿಲ್ಲ. ಪ್ರಯಾಣದ ಆಯಾಸಕ್ಕೆ ಹುಡುಗ ಮಧ್ಯಾಹ್ನ ಮಲಗಿದ. ತಲೆಯಡಿ ಇದ್ದದ್ದು ಹೊಟ್ಟಿನ ದಿಂಬು.

"ಯಾರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ," ಎನ್ನುತ್ತಾರೆ ಮುತ್ಸುಕೊ. ಮಾತಾಡುವಾಗ ಕೈ ತಾನಾಗಿ ಅಂಗಿಯ ಅಂಚನ್ನು ಮಡಿಸಿ ಬಿಚ್ಚುತ್ತಿರುತ್ತದೆ. "ನಾನು ಹೋಗೋ ಹೊತ್ತಿಗೆ ಮುಖ ಊದಿ ಕಣ್ಣೇ ಕಾಣ್ತಿರಲಿಲ್ಲ. ಆಂಬುಲೆನ್ಸ್‌ನಲ್ಲಿ ಜೊತೆಗೆ ಕೂತೆ. ನಲವತ್ತು ನಿಮಿಷದ ದಾರಿ. ಅವನ ಉಸಿರು ಸೀಟಿ ಊದಿದ ಹಾಗೆ. ಆ ಸದ್ದು ನಿಲ್ಲಬಾರದು, ನಿಲ್ಲಬಾರದು ಅಂತ ಅಷ್ಟೇ."

ಹುಡುಗ ಉಳಿದ. ಸಂಜೆ ಅವನ ತಾಯಿಯ ಫೋನು ಬಂದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ದುಭಾಷಿ ಇರಲಿಲ್ಲ, ಮುತ್ಸುಕೊ ಒಬ್ಬರೇ ಇದ್ದರು. ಬೈಯುತ್ತಾರೆ ಎಂದುಕೊಂಡು ಅವರು ಫೋನು ಹಿಡಿದೇ ಬಾಗಿ ಬಾಗಿ ಕ್ಷಮೆ ಕೇಳಿದರು. ಆ ತಾಯಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಅದರಲ್ಲಿ 'ಕೈ' ಎಂಬ ಒಂದು ಪದವಷ್ಟೇ ಇವರಿಗೆ ತಿಳಿಯಿತು. ಅವನ ಕೈ ಹಿಡಿದುಕೊಂಡಿದ್ದಿರಾ ಎಂದು ಕೇಳುತ್ತಿದ್ದಾರೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. "ಹೌದು ಅಂದೆ. ಹೌದು, ಹೌದು ಅಂತ ಹೇಳ್ತಾನೇ ಇದ್ದೆ. ಇಬ್ಬರೂ ಅತ್ತಿದ್ದೇ ಅತ್ತಿದ್ದು." ಮರುದಿನ ರಾಜೀನಾಮೆ ಬರೆದರು. ಕೊಡುವ ಮೊದಲು ಉಳಿದ ಮನೆಗಳ ದಿಂಬು ನೋಡಿ ಬರೋಣವೆಂದು ಹೊರಟರು. ಆರು ಮನೆಗಳಲ್ಲಿ ಹೊಟ್ಟಿನ ದಿಂಬು ಸಿಕ್ಕವು. ರಾಜೀನಾಮೆಯನ್ನು ಮಡಿಸಿ ಚೀಲಕ್ಕೆ ಸೇರಿಸಿದರು.

ಇಂದು ಮಕ್ಕಳ ಬಸ್ಸು ಬರುವುದು ಮಧ್ಯಾಹ್ನ ಮೂರು ಗಂಟೆಗೆ. ಎರಡೂವರೆಗೆ ಮುತ್ಸುಕೊ ಹೆಸರಿನ ಬಿಲ್ಲೆಗಳ ಪೆಟ್ಟಿಗೆ ಹಿಡಿದು ಸ್ವಾಗತ ನಡೆಯಲಿರುವ ಸಮುದಾಯ ಭವನಕ್ಕೆ ಬರುತ್ತಾರೆ. ನಾನು ಜಗಲಿಯಲ್ಲಿ ಕೊಡೆ ಮಡಿಸುತ್ತಿದ್ದೇನೆ. ಅವರು ಬಾಗಿಲು ಸರಿಸಿ ಎರಡು ಹೆಜ್ಜೆ ಒಳಗಿಟ್ಟವರು ಹಾಗೆಯೇ ನಿಂತುಬಿಡುತ್ತಾರೆ.

ಒಳಗೆ ಬೆಳಕೆಲ್ಲ ಮಂಜು ಮಂಜು. ಎಂಟು ಮೇಜು, ಎಂಟು ಮರದ ಬೋಗುಣಿ. ಸೋಬಾ ಅಂಗಡಿಯ ಯಜಮಾನ ಹಿಟ್ಟು ಜರಡಿ ಹಿಡಿಯುತ್ತಿದ್ದಾರೆ. ನಮ್ಮ ಹೈಸ್ಕೂಲಿನ ಮಕ್ಕಳು ಮೊಣಕೈವರೆಗೆ ಬೆಳ್ಳಗಾಗಿ ನಗುತ್ತಿದ್ದಾರೆ. ಅವರ ಮುಂದಾಳು ಚಿಹಾಯಾ ಓಡಿಬರುತ್ತಾಳೆ. ಹದಿನೇಳರ ಹುಡುಗಿ, ಮೂಗಿನ ತುದಿಯಲ್ಲೂ ಹಿಟ್ಟು.

"ಒರಿಕಾಸಾ-ಸಾನ್, ನೋಡ್ಬಿಟ್ರಾ! ನಿಮಗೂ ಗೊತ್ತಾಗಬಾರದು ಅಂತಿದ್ವಿ. ಬಂದ ತಕ್ಷಣ ಅವರ ಕೈಲೇ ಸೋಬಾ ಮಾಡಿಸ್ತೀವಿ!"

ಮಕ್ಕಳೇ ಯೋಜಿಸಬೇಕು, ದೊಡ್ಡವರು ಕೈ ಹಾಕಬಾರದು ಎಂಬುದು ಕಾರ್ಯಕ್ರಮದ ನಿಯಮ. ಸಂಘದ ಮುಖ್ಯಸ್ಥ ಹನಾವಾ ಮೇ ತಿಂಗಳಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಆಗ ಟೆಸ್ಸಾಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವಳ ಹಾಳೆ ಬಂದಾಗ ಮುತ್ಸುಕೊ ಅದನ್ನು ಹನಾವಾಗೆ ತಿಳಿಸಿದ್ದರು. ಅವರು ಎರಡನ್ನೂ ಕೂಡಿಸಿ ನೋಡಲಿಲ್ಲ. ಆರೋಗ್ಯದ ಹಾಳೆಯನ್ನು ಮಕ್ಕಳಿಗೆ ತೋರಿಸುವಂತಿಲ್ಲ, ಹಾಗಾಗಿ ಚಿಹಾಯಾಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಅಷ್ಟರಲ್ಲಿ ಮುತ್ಸುಕೊ ಜೇಬಿನ ಫೋನು ಮಿಡಿಯುತ್ತದೆ. ಬಸ್ಸು ಬೇಗ ಬರುತ್ತಿದೆ, ಆಗಲೇ ಊರೊಳಗೆ ಬಂತು ಎಂದು ಮಕ್ಕಳ ಜೊತೆ ಬಂದ ಶಿಕ್ಷಕಿಯ ಸಂದೇಶ. ತಿರುಗಿ ಕರೆ ಮಾಡಿದರೆ ಎತ್ತುವುದಿಲ್ಲ.

ಮುತ್ಸುಕೊ ನನ್ನ ಕಡೆ ತಿರುಗುತ್ತಾರೆ. "ನೀವು ಒಳಗೆ ಕಾಲಿಟ್ರಾ?"

"ಇಲ್ಲ."

"ಇಡಬೇಡಿ. ಬನ್ನಿ, ಆದ್ರೆ ನನ್ನ ಹತ್ತಿರ ಬರಬೇಡಿ."

ಬಾಗಿಲಿಗೆ ಒರಗಿಸಿದ್ದ ಸ್ವಾಗತದ ಫಲಕವನ್ನು ಕಿತ್ತುಕೊಂಡು ಅವರು ಮಳೆಗೆ ಇಳಿಯುತ್ತಾರೆ. ಓಡುತ್ತಾರೆ ಎನ್ನಲಾರೆ, ಆ ಮಂಡಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು. ಭವನಕ್ಕೆ ಬರುವ ದಾರಿಯ ಸೇತುವೆಯ ಈ ತುದಿಯಲ್ಲಿ ನಿಂತು ಫಲಕದ ಹಿಂಬದಿಗೆ ಬಿಲ್ಲೆ ಬರೆಯುವ ದಪ್ಪ ಪೆನ್ನಿನಿಂದ ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ಬರೆಯುತ್ತಾರೆ: ಬಾಗಿಲು ತೆಗೆಯಬೇಡಿ. ಶಾಲೆಗೆ ಹೋಗಿ. ಬರೆದು ಮುಗಿಯುವಷ್ಟರಲ್ಲಿ ಬಸ್ಸು ಆ ತುದಿಗೆ ಬಂದಿದೆ. ಮುತ್ಸುಕೊ ರಸ್ತೆಯ ನಡುವೆ ನಿಂತು ಫಲಕವನ್ನು ತಲೆಯ ಮೇಲೆ ಎತ್ತುತ್ತಾರೆ. ಬಸ್ಸಿನ ಮಕ್ಕಳು ಇದೂ ಒಂದು ಸ್ವಾಗತವೆಂದು ಚಪ್ಪಾಳೆ ತಟ್ಟಿ ಕೈ ಬೀಸುತ್ತಾರೆ. ಡ್ರೈವರು ಮಾತ್ರ ಕಣ್ಣು ಕಿರಿದು ಮಾಡಿ ಓದುತ್ತಾನೆ. ಬಾಗಿಲ ಗುಂಡಿಯ ಹತ್ತಿರ ಹೋಗಿದ್ದ ಅವನ ಕೈ ಹಿಂದೆ ಬರುತ್ತದೆ. ಬಸ್ಸು ಎಡಕ್ಕೆ, ಶಾಲೆಯ ಕಡೆಗೆ ತಿರುಗುತ್ತದೆ.

"ಪಟ್ಟಿ ತಗೊಳ್ಳಿ," ಎಂದು ಮುತ್ಸುಕೊ ಪ್ಲಾಸ್ಟಿಕ್ ಹೊದಿಕೆಯ ಹಾಳೆಯನ್ನು ಸೇತುವೆಯ ಗೋಡೆಯ ಮೇಲಿಟ್ಟು, ಮಳೆಯಲ್ಲಿ ಚೆನ್ನಾಗಿ ನೆನೆಯಲು ಬಿಟ್ಟು ಹಿಂದೆ ಸರಿಯುತ್ತಾರೆ. "ನನ್ನ ಮೈಮೇಲೆ ಹಿಟ್ಟಿದೆ. ನೀವೇ ಎಣಿಸಿ. ಹದಿನಾಲ್ಕು ಇರಬೇಕು."

ಶಾಲೆಯ ವ್ಯಾಯಾಮ ಮಂದಿರದ ಮುಂದೆ ಮಕ್ಕಳು ಇಳಿಯುತ್ತಾರೆ. ನಾನು ಎಣಿಸುತ್ತೇನೆ. ಹದಿಮೂರು. ಮತ್ತೆ ಎಣಿಸುತ್ತೇನೆ. ಹದಿಮೂರೇ. ಇಲ್ಲದಿರುವುದು ಟೆಸ್ಸಾ. ಬಸ್ಸಿನೊಳಗೆ ಹತ್ತಿ ಹೋಗುತ್ತೇನೆ. ಕೊನೆಯ ಸೀಟಿನಲ್ಲಿ ಒಬ್ಬಳು ಹುಡುಗಿ ಮುದುಡಿ ಮಲಗಿದ್ದಾಳೆ. ಕೂದಲು ಮುಖವನ್ನೆಲ್ಲ ಮುಚ್ಚಿದೆ. ಬಾಗಿ ನೋಡುತ್ತೇನೆ. ಉಸಿರು ನಿಧಾನವಾಗಿ ಬರುತ್ತಿದೆ, ಹೋಗುತ್ತಿದೆ. ಬರೀ ನಿದ್ದೆ. ಒಂಬತ್ತು ವರ್ಷದಿಂದ ಮುತ್ಸುಕೊ ಹೊತ್ತು ತಿರುಗುತ್ತಿರುವುದು ಏನೆಂದು ಆ ಅರ್ಧ ನಿಮಿಷದಲ್ಲಿ ನನಗೆ ತಿಳಿಯಿತು.

ಹನಾವಾ ಕೊಡೆಯಿಲ್ಲದೆ ಬಂದರು. ಮಂದಿರದ ಹೊರಗೆ, ಸೂರಿನಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದ ಮುತ್ಸುಕೊ ಮೇಲೆ ಹರಿಹಾಯ್ದರು.

"ಮೇಯರ್ ಭವನದಲ್ಲಿ ಕಾಯ್ತಾ ಕೂತಿದಾರೆ! ಯಾರನ್ನ ಕೇಳಿ ಬಸ್ ತಿರುಗಿಸಿದ್ರಿ?"

"ಯಾರನ್ನೂ ಕೇಳಲಿಲ್ಲ. ಕೇಳೋಕೆ ಹತ್ತು ನಿಮಿಷ ಬೇಕಿತ್ತು. ಬಸ್ಸು ಬರೋಕೆ ಮೂರು ನಿಮಿಷ ಇತ್ತು." ಆಮೇಲೆ ಸೊಂಟ ಬಗ್ಗಿಸಿ ಹೇಳಿದರು, "ತೊಂದರೆ ಕೊಟ್ಟೆ, ಕ್ಷಮಿಸಿ. ಮೇಯರ್ ಅವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ. ಆದ್ರೆ ಭವನದ ಒಳಗೆ ಹೋಗಿದ್ದೋರು ಬಟ್ಟೆ ಬದಲಾಯಿಸಿ ಬರ್ಬೇಕು."

"ಮೇಯರ್‌ಗೆ ಬಟ್ಟೆ ಬದಲಾಯಿಸಿ ಅಂತ ನಾನು ಹೇಳಲಾ?"

"ನಾನು ಹೇಳ್ತೀನಿ ಬಿಡಿ."

ಮುಕ್ಕಾಲು ಗಂಟೆ ತಡವಾಗಿ ಮೇಯರ್ ಬಂದರು, ಅಗ್ನಿಶಾಮಕ ದಳದವರ ಅಂಗಿ ತೊಟ್ಟು. ಭಾಷಣ ಚಿಕ್ಕದಾಗಿತ್ತು.

ಚಿಹಾಯಾಳ ಸಂಗತಿ ಬೇರೆ. ಎಲ್ಲ ತಿಳಿದ ಮೇಲೆ ಅವಳು ಮಳೆಯಲ್ಲೇ ಓಡಿಬಂದಿದ್ದಳು, ಅಂಗಳದ ಅಂಚಿನಲ್ಲಿ ನಿಂತಿದ್ದಳು. ತೋಳಿನ ಹಿಟ್ಟು ಅಂಟಾಗಿ ಇಳಿಯುತ್ತಿತ್ತು. "ನಾನು ಅವಳನ್ನ ಸಾಯಿಸ್ತಿದ್ದೆ," ಎಂದಳು. ಮುತ್ಸುಕೊ ಅವಳ ಪಕ್ಕಕ್ಕೆ ಹೋದರು. ಇಬ್ಬರ ಮೈಮೇಲೂ ಹಿಟ್ಟಿದ್ದುದರಿಂದ ಅಷ್ಟಕ್ಕೆ ಅಡ್ಡಿಯಿರಲಿಲ್ಲ.

"ನಿಂಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೇ ಹಿಂದೆ ಒಂದು ಸಲ ತಪ್ಪು ಮಾಡಿದೀನಿ. ಅಳೋದಿದ್ರೆ ಈಗಲೇ ಅತ್ತುಬಿಡು. ಆಮೇಲೆ ಮನೆಗೆ ಹೋಗಿ ಸ್ನಾನ ಮಾಡಿ, ತಲೆಗೂ ಹಾಕ್ಕೊಂಡು ಬಾ. ಸ್ವಾಗತದ ಮಾತು ನೀನೇ ಆಡ್ಬೇಕು."

ಅಷ್ಟರಲ್ಲಿ ಎಚ್ಚರವಾಗಿ ಬಾಗಿಲಿಗೆ ಬಂದಿದ್ದ ಟೆಸ್ಸಾಗೆ ಶಿಕ್ಷಕಿ ನಡೆದದ್ದನ್ನು ಹೇಳುತ್ತಿದ್ದರು. ಚಿಹಾಯಾ ಅಲ್ಲಿಂದಲೇ ಬಾಗಿ ವಂದಿಸಿದಳು. ಟೆಸ್ಸಾ ಕಣ್ಣುಜ್ಜಿಕೊಂಡು ತಾನೂ ಬಾಗಿದಳು. ಇವಳು ಇನ್ನಷ್ಟು ಬಾಗಿದಳು, ಅವಳೂ ಇನ್ನಷ್ಟು. ನಡುವೆ ಹತ್ತು ಮಾರು ಮಳೆ. ಮೂರನೆಯ ಸಲಕ್ಕೆ ಟೆಸ್ಸಾ ಕಿಸಕ್ಕನೆ ನಕ್ಕಳು. ಚಿಹಾಯಾ ಅಳುತ್ತಲೇ ನಕ್ಕು ಮನೆಯ ಕಡೆ ಓಡಿದಳು. ಒಂದು ಗಂಟೆಯಲ್ಲಿ ಒದ್ದೆ ಕೂದಲಲ್ಲಿ ಬಂದು ಮಾತಾಡಿದಳು. ಬರೆದುಕೊಂಡಿದ್ದ ಭಾಷಣ ಭವನದಲ್ಲೇ ಉಳಿದಿತ್ತು. ಬಾಯಿಗೆ ಬಂದದ್ದನ್ನು ಹೇಳಿದಳು, ಅದೇ ಚೆನ್ನಾಗಿತ್ತು.

ಸಂಜೆ ಆರಕ್ಕೆ ಮುತ್ಸುಕೊ ಬೇರೆ ಬಟ್ಟೆ ತೊಟ್ಟು ಕಚೇರಿಯಲ್ಲಿ ಕೂತು ಹನ್ನೊಂದು ಮನೆಗಳಿಗೂ ಫೋನು ಮಾಡುತ್ತಿದ್ದಾರೆ. ಊಟ ಮಾಡಿದರಾ, ಉಸಿರಾಟ ಸರಿ ಇದೆಯಾ, ಅಲರ್ಜಿಯ ಚುಚ್ಚುಮದ್ದು ಕೈಗೆ ಸಿಗುವ ಕಡೆ ಇದೆಯಾ. ಮಧ್ಯಾಹ್ನದಿಂದ ಅವರು ಏನೂ ತಿಂದಿಲ್ಲ. ಗಂಡ ಕಟ್ಟಿ ಕಳಿಸಿದ ಅನ್ನದ ಉಂಡೆ ಹಾಗೆಯೇ ಇದೆ. ಹನಾವಾ ಹೊರಡುವಾಗ ಅವರ ಕಡೆ ನೋಡದೆ, "ಮಾರ್ಚ್‌ನಲ್ಲಿ ಮಾತಾಡೋಣ," ಎಂದು ಹೇಳಿ ಹೋಗಿದ್ದಾರೆ. ಅದು ಒಳ್ಳೆಯ ಮಾತೋ ಕೆಟ್ಟ ಮಾತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಹ್ಯಾಲ್‌ಬ್ರೂಕನ್ನು ಅವರು ಒಮ್ಮೆಯೂ ನೋಡಿಲ್ಲ. ನೋಡುವ ಆಸೆ ಇಲ್ಲವೇ ಎಂದು ಕೇಳುತ್ತೇನೆ.

"ಇದೆ. ಯಾಕಿಲ್ಲ? ಆದ್ರೆ ಅದಕ್ಕಿಂತ ಇನ್ನೊಂದು ಆಸೆ ಇದೆ." ಪಟ್ಟಿಯಲ್ಲಿ ಕೊನೆಯ ಮನೆಯ ಮುಂದೆ ಗುರುತು ಹಾಕಿ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಈ ಮಕ್ಕಳು ದೊಡ್ಡೋರಾದ ಮೇಲೆ ಇಲ್ಲಿನ ನದಿ ನೆನಪಿಟ್ಕೊಳ್ಳಲಿ, ಗೆಳೆಯರನ್ನ ನೆನಪಿಟ್ಕೊಳ್ಳಲಿ. ನನ್ನ ಹೆಸರು ಮಾತ್ರ ಯಾರಿಗೂ ಗೊತ್ತಾಗದೇ ಇರಲಿ. ಗೊತ್ತಾಗಲಿಲ್ಲ ಅಂದ್ರೆ ಏನೂ ಆಗಲಿಲ್ಲ ಅಂತ ಅರ್ಥ."