ಬಾಲ್ಕನಿಯ ಕೆಳಗಿನ ನಾತ

ಶಕುನ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲೆಲ್ಲ ಎದ್ದು ಹೋಗಿಬಿಡುತ್ತಿದ್ದೆ. ಚಾಮರಾಜನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ವಾಸನೆ ಎಂದರೆ ಯಾವುದೋ ವಸ್ತುವಿನಿಂದ ಹಾರಿಬಂದ ಅಣುಗಳು, ವಸ್ತುವಿಲ್ಲದೆ ವಾಸನೆಯಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಈಗಲೂ ಅದನ್ನೇ ಹೇಳಿಕೊಡುತ್ತೇನೆ, ಆದರೆ ಆ ಮಾತು ಬಂದಾಗ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರದ ಮಧ್ಯಾಹ್ನ ನನ್ನನ್ನು ಹೀಗೆ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ. ಊಟಕ್ಕೆ ಮುಂಚೆ ಮಾತ್ರ ಓದಬೇಡಿ.

ಗುಂಡ್ಲುಪೇಟೆಯಲ್ಲಿ ಒಂದು ಹಳೆಯ ಟಾಕೀಸು ಮುಚ್ಚಿಹೋಗಿ ಬಹಳ ಕಾಲ ಅರಿಶಿನದ ಗೋಡೌನಾಗಿತ್ತು. ಸಿನಿಮಾ ಹುಚ್ಚಿನ ನಾವು ಕೆಲವರು ಅದನ್ನು ಬಾಡಿಗೆಗೆ ಹಿಡಿದು ತಿಂಗಳಿಗೊಂದು ಭಾನುವಾರ ಚಿತ್ರ ತೋರಿಸುತ್ತಿದ್ದೆವು. ಕುರ್ಚಿ, ಫ್ಯಾನು, ಪರದೆಯ ಬಟ್ಟೆ ಎಲ್ಲವೂ ಊರಿನವರು ಕೊಟ್ಟಿದ್ದು. ಮುಂದೆ ಯಾವ ಚಿತ್ರ, ಅದರ ಜೊತೆಗೆ ಏನು ಕಾರ್ಯಕ್ರಮ ಎಂದು ಗೇಟಿನ ಕರಿಹಲಗೆಯ ಮೇಲೆ ಬರೆಯುವುದು, ವಾಟ್ಸಾಪಿನಲ್ಲಿ ಹಾಕುವುದು ನನ್ನ ಕೆಲಸ. ಬರೀ ಸಿನಿಮಾ ಎಂದರೆ ಹೆಂಗಸರು ಮನೆ ಬಿಟ್ಟು ಬರುವುದಿಲ್ಲವೆಂದು ಪ್ರತಿಸಲವೂ ಒಂದು ನೆಪ ಹುಡುಕುತ್ತಿದ್ದೆವು. ಹುಣಸೆಯ ಕಾಲದಲ್ಲಿ ಹಣ್ಣು ಬಿಡಿಸುತ್ತಾ ನೋಡುವ ಸಿನಿಮಾ ಇಟ್ಟಿದ್ದೆವು. ರಾತ್ರಿ ಮುಚ್ಚುವ ಬಂಡೀಪುರದ ಕಾಡಿನ ಗೇಟು ತೆರೆಯಲಿ ಎಂದು ಕಾಯುವ ಕೇರಳದ ಲಾರಿ ಡ್ರೈವರುಗಳಿಗಾಗಿ ಒಮ್ಮೆ ಮಲಯಾಳಂ ಚಿತ್ರ ಹಾಕಿದ್ದೆವು. ಆ ತಿಂಗಳ ಹಲಗೆಯಲ್ಲಿ ನಾನು 'ಅವರೆಕಾಯಿ ಭಾನುವಾರ' ಎಂದು ಬರೆದಿದ್ದೆ. ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಕೂತು, ಹಿಂದಿನ ರಾತ್ರಿ ನೆನೆಸಿದ ಕಾಳು ಹಿತುಕುವುದು. ಮುದ್ದೆ, ಹಿತುಕಿದವರೆ ಸಾರಿನ ಊಟ. ಆಮೇಲೆ ಒಂದು ಹಳೆಯ ಕಪ್ಪುಬಿಳುಪು ಚಿತ್ರ.

ಭೀಮನಬೀಡಿನಿಂದ ನನ್ನ ದೊಡ್ಡಮ್ಮನನ್ನು ಕರೆತಂದಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಕೊರೋನಾ ಜ್ವರ ಬಂದುಹೋದ ಮೇಲೆ ಅವಳ ಮೂಗು ಸತ್ತುಹೋಗಿತ್ತು. ಒಗ್ಗರಣೆ ಸೀದರೂ ಹಾಲು ಹಳಸಿದರೂ ತಿಳಿಯುತ್ತಿರಲಿಲ್ಲ. ಮೈಸೂರಿನ ಡಾಕ್ಟರೂ, ಇನ್ನು ಬರುವುದು ಕಷ್ಟ ಎಂದಿದ್ದರು. ಅವತ್ತು ಅಂಗಳದಲ್ಲಿ ಎಲ್ಲರೂ ಅವರೆಯ ಸೊಗಡನ್ನು ಹೊಗಳುತ್ತಿದ್ದರೆ, ಅವಳು ಒಂದು ಹಿಡಿ ಸಿಪ್ಪೆಯನ್ನು ಮೂಗಿಗೆ ಒತ್ತಿಕೊಂಡು, "ಎಲ್ಲಿ ಬಂದದು ಕೂಸೇ, ರಟ್ಟು ಮೂಸ್ದಂಗ ಅದ" ಎಂದು ನಕ್ಕಳು.

ನಮ್ಮ ಬಳಗಕ್ಕೆ ಹಿರಿಯರು ಗುರುಸಿದ್ದಪ್ಪನವರು, ನಿವೃತ್ತ ಮೇಷ್ಟ್ರು. ಹಿಂದಿನ ತಿಂಗಳು ಹಾಲ್ ತುಂಬಿ ಜನ ನಿಂತು ನೋಡಿದ್ದರು. ಕಣ್ಣು ಬಿದ್ದೀತೆಂದು ಅಮಾವಾಸ್ಯೆಯ ದಿನ ಅವರು ದೊಡ್ಡದೊಂದು ಬೂದುಗುಂಬಳ ತಂದು ಕಟ್ಟಿಸಿದ್ದರು. ಬಾಗಿಲಲ್ಲಿ ಕಟ್ಟಿದರೆ ಮಂಗ ಉಳಿಸುವುದಿಲ್ಲ. ಅದಕ್ಕೆ ಒಳಗೆ, ಬಾಲ್ಕನಿಯ ಅಂಚಿನ ಕಾಂಕ್ರೀಟ್ ತೊಲೆಗೆ ತೂತು ಕೊರೆಸಿ, ಕಬ್ಬಿಣದ ಕೊಕ್ಕೆ ಹೊಡೆಸಿ ನೇತುಹಾಕಿಸಿದ್ದರು. ಬಾಲ್ಕನಿಗೆ ಯಾರೂ ಹತ್ತುತ್ತಿರಲಿಲ್ಲ. ಅದರ ಕೆಳಗಿನ ಸಾಲುಗಳಲ್ಲಿ ಜನ ಕೂರುತ್ತಿದ್ದರು.

ದೊಡ್ಡಮ್ಮ ಹಟ ಹಿಡಿದು ಅಲ್ಲೇ, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಳು. "ನಾನೂ ನಿಮ್ ದೊಡ್ಡಪ್ಪನೂ ಬಂದ್ರ ಇಲ್ಲೇ ಕಣವ್ವ ಕೂರ್ತಿದ್ದುದು. ಕಂಬಕ್ಕ ಒರಗ್ಕಂಡು ನಿದ್ದ ಮಾಡ್ಬುಡೋರು." ಬಾಗಿಲು ಮುಚ್ಚಿ, ದೀಪ ಆರಿಸಿ, ಚಿತ್ರ ಶುರುವಾಯಿತು.

ನಾಯಕಿ ಬಾವಿಗೆ ಹೋಗುವ ದೃಶ್ಯ ಬಂದಿತ್ತು. ದೊಡ್ಡಮ್ಮ ನನ್ನ ರಟ್ಟೆ ಹಿಡಿದಳು. "ಕೂಸೇ, ವಾಸ್ನ ಬತ್ತಾ ಅದ."

ನನಗೆ ಎಷ್ಟು ಸಂತೋಷವಾಯಿತೆಂದರೆ ಸಿನಿಮಾ ಮರೆತು ಅವಳ ಕಡೆ ತಿರುಗಿದೆ. ಬೆಳಗಿನಿಂದ ಕಾಳು ಹಿತುಕಿದ ಕೈ, ಸೊಗಡು ಈಗ ತಾಗಿದೆ ಎಂದುಕೊಂಡೆ. "ಏನು ವಾಸನೆ ದೊಡ್ಡಮ್ಮ, ಅವರೆಯದಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಿಮ್ ದೊಡ್ಡಪ್ಪನ ಕಾಲು."

ದೊಡ್ಡಪ್ಪ ಸಕ್ಕರೆ ಕಾಯಿಲೆಯಿಂದ ತೀರಿಕೊಂಡವರು. ಅಂಗಾಲಿನ ಒಂದು ಗಾಯ ಮೇಲೇರಿ, ಬೆರಳು ಕಪ್ಪಾದಾಗ ಅವರನ್ನು ಹಿತ್ತಲ ಕೋಣೆಯಲ್ಲಿ ಮಲಗಿಸಿದ್ದರು. ಬೇರೆ ಯಾರೂ ಆ ಬಾಗಿಲು ದಾಟುತ್ತಿರಲಿಲ್ಲ. ದಿನವೂ ಆ ಕಾಲನ್ನು ತೊಳೆದು ಬಟ್ಟೆ ಸುತ್ತಿದವಳು ದೊಡ್ಡಮ್ಮ ಒಬ್ಬಳೇ. ಏನು ಹೇಳುತ್ತಿದ್ದೀಯ ಎಂದು ನಾನು ಕೇಳುವಷ್ಟರಲ್ಲಿ ಅದು ನನ್ನನ್ನೂ ಮುಟ್ಟಿತು.

ಮುಟ್ಟಿತು ಎಂದೇ ಹೇಳಬೇಕು. ಅದು ಗಾಳಿಯಲ್ಲಿ ತೇಲಿಬಂದ ಹಾಗಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿದ ಹಾಗಿತ್ತು. ಮೊದಲು ಒಂದು ಬಗೆಯ ಸಿಹಿ, ಹುಳಿತ ಹಲಸಿನ ಹಣ್ಣಿನಂತೆ. ಆ ಸಿಹಿಯ ಅಡಿಯಿಂದ ಕೀವಿನ, ಕೊಳೆತ ಮಾಂಸದ ನಾತ ಎದ್ದಿತು. ಮೂಗು ಮುಚ್ಚಿಕೊಂಡರೆ ಬಾಯಿಗೆ ಬಂದು ನಾಲಿಗೆಯ ಮೇಲೆ ಜಿಡ್ಡಿನಂತೆ ಕೂತಿತು. ತಿಂದ ಅವರೆಕಾಳೆಲ್ಲ ಗಂಟಲಿಗೆ ಬಂತು.

ನಮ್ಮ ಸಾಲುಗಳಲ್ಲಿ ಗದ್ದಲವೆದ್ದಿತು. "ಯಾವನ್ಲಾ ಅದು, ಸಾರ್ ಸೌಟಲ್ಲೇ ಕುಡ್ದೋನು?" ಎಂದು ಹಿಂದಿನಿಂದ ಒಬ್ಬ ಕೂಗಿದ. ಕೆಲವರು ನಕ್ಕರು. ನಕ್ಕವರೂ ಆಮೇಲೆ ಟವಲನ್ನು ಮೂಗಿಗೆ ಹಿಡಿದರು. ಪರದೆಯ ಹತ್ತಿರ ಕೂತಿದ್ದವರಿಗೆ ಏನೂ ಇಲ್ಲ. "ನಮ್ಗೇನೂ ಬತ್ತಿಲ್ಲ ಕಣ್ರಪ್ಪ! ಸುಮ್ಕ ಕೂತ್ಕಳಿ, ಇಲ್ಲ ಮುಂದುಕ್ಕ ಬನ್ನಿ." ಗುರುಸಿದ್ದಪ್ಪನವರು ಟಾರ್ಚು ಹಿಡಿದು ಬಂದು ಮೇಲೆ ನೋಡಿದರು. "ಕುಂಬಳಕಾಯಿ ಕೊಳ್ತೋಗದ, ಅಷ್ಟೇಯ. ಸಿನಿಮಾ ನಿಲ್ಸೋದು ಬ್ಯಾಡ. ಮುಂದ್ಕೋಗಿ ಕೂತ್ಕಳಿ" ಎಂದು ಹೇಳಿ ಎಲ್ಲಿಂದಲೋ ಮಲ್ಲಿಗೆಯ ರೂಮ್ ಸ್ಪ್ರೇ ತಂದು ಹೊಡೆದರು. ಹೆಣಕ್ಕೆ ಹೂವು ಮುಡಿಸಿದ ಹಾಗಾಯಿತು. ನಾನು ಸೆರಗಿನಲ್ಲೇ ವಾಂತಿ ಮಾಡಿಕೊಂಡೆ.

ಎಲ್ಲರೂ ಬೈದುಕೊಳ್ಳುತ್ತಾ ಎದ್ದು ಮುಂದೆ ಹೋದರು. ದೊಡ್ಡಮ್ಮ ಏಳಲಿಲ್ಲ.

ತಲೆಯನ್ನು ಕಂಬಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಅವಳು ಉದ್ದುದ್ದ ಉಸಿರೆಳೆಯುತ್ತಿದ್ದಳು. ಹಬ್ಬದ ದಿನ ಪಾಯಸದ ಪಾತ್ರೆಯ ಮುಂದೆ ಉಸಿರೆಳೆದ ಹಾಗೆ. ಪರದೆಯ ಬೆಳಕಿನಲ್ಲಿ ಆ ಮುಖ ನೋಡಿ ನನಗೆ ನಾತಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಸಾಕಿದವಳ ಮುಖದ ಬಗ್ಗೆ ಹೀಗೆ ಬರೆಯಬಾರದು, ಆದರೆ ಹಾಗೇ ಆಯಿತು.

"ಏಳು ದೊಡ್ಡಮ್ಮ."

"ಇರ್ಲಿ ಬುಡು ಕೂಸೇ. ಎಷ್ಟ್ ಕಾಲಾಯ್ತು. ನೀ ಓಗು, ನಾ ಇಲ್ಲೇ ಇರ್ತಿನಿ."

"ಈ ಗಬ್ಬು ನಾತದಲ್ಲಿಯಾ?"

"ನಾತ ನಿಂಗ. ನಂಗಲ್ಲ."

ಮುಂದಿನ ಅಪಾಯದ ಸುಳಿವು ನನಗೆ ಸಿಕ್ಕಿತ್ತು ಎಂದು ಆಮೇಲೆ ಊರವರು ಹೇಳಿಕೊಂಡರು. ಸುಳ್ಳು. ನನಗಿದ್ದದ್ದು ಹೇಸಿಗೆ ಮಾತ್ರ. ಅವಳನ್ನು ಅಲ್ಲಿ ಹಾಗೆ ಕೂತಿರಲು ಬಿಡಲಾರದೆ ಎರಡೂ ರಟ್ಟೆ ಹಿಡಿದು ಎಳೆದೆ. ಅವಳು ಕಂಬವನ್ನು ತಬ್ಬಿಕೊಂಡಳು. "ಬುಡೇ, ಬುಡೇ ನನ್ನ!" ಎಂದು ನನ್ನ ಕೈಗೆ ಹೊಡೆದಳು. ಒಂದೊಂದೇ ಬೆರಳು ಬಿಡಿಸಿ, ಬೈಯುತ್ತಾ, ಅಳುತ್ತಾ, ಕುರ್ಚಿಗಳ ನಡುವಿನ ಓಣಿಯಲ್ಲಿ ದರದರನೆ ಎಳೆದು ಬಾಲ್ಕನಿಯಾಚೆಗೆ ತಂದೆ. ಅವಳ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಬೆನ್ನ ಹಿಂದೆ, ತೆಂಗಿನ ಮರ ಮುರಿಯುವಂಥ ಲಟಲಟ ಸದ್ದು. ಬಾಲ್ಕನಿಯ ಅಂಚು ಪೂರ್ತಿ ನಾವು ಕೂತಿದ್ದ ಸಾಲುಗಳ ಮೇಲೆ ಕುಸಿದು ಬಿತ್ತು. ಒಂದು ಚೂರು ಹಾರಿಬಂದು ನನ್ನ ಹಿಮ್ಮಡಿಯ ಚರ್ಮ ಕಿತ್ತಿತು. ಹಾಲ್ ತುಂಬ ಧೂಳು. ಪ್ರೊಜೆಕ್ಟರ್ ನಿಂತಿರಲಿಲ್ಲ. ಚಿತ್ರ ಪರದೆಗೆ ತಲುಪದೆ ಧೂಳಿನ ಮೇಲೆಯೇ ಬಿದ್ದು, ನಾಯಕಿಯ ಮುಖ ಗಾಳಿಯಲ್ಲಿ ಅಲುಗಾಡುತ್ತಿತ್ತು. ಕಂಬದ ಪಕ್ಕದ ಕುರ್ಚಿ ಕಾಣಿಸಲಿಲ್ಲ. ಮರುದಿನ ಕಲ್ಲು ತೆಗೆದಾಗ ಅದು ನೆಲಕ್ಕೆ ಅಂಟಿಕೊಂಡಿತ್ತು.

ಯಾರೂ ಸಾಯಲಿಲ್ಲ. ತರಚಿದ ಗಾಯ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನಾತ ಆ ಕ್ಷಣದಲ್ಲೇ ಹೋಗಿಬಿಟ್ಟಿತ್ತು. ಧೂಳಿನ, ಹಳೆಯ ಅರಿಶಿನದ ಘಾಟು ಮಾತ್ರ ಉಳಿದಿತ್ತು.

ಬಾಲ್ಕನಿ ಬಿದ್ದದ್ದಕ್ಕೆ ಕಾರಣ ಸಿಕ್ಕಿತು. ಮಳೆನೀರು ಇಳಿದು ತೊಲೆಯೊಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು, ಕೊಕ್ಕೆಗೆಂದು ಕೊರೆದ ತೂತಿನಿಂದ ಬಿರುಕು ಬಾಯಿಬಿಟ್ಟಿತ್ತು ಎಂದು ನೋಡಲು ಬಂದ ಇಂಜಿನಿಯರ್ ತೋರಿಸಿದರು. ಅದರಲ್ಲಿ ವಿಚಿತ್ರವೇನಿಲ್ಲ. ನಾತಕ್ಕೆ ಕಾರಣ ಸಿಗಲಿಲ್ಲ. ಕಲ್ಲುಮಣ್ಣು ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸತ್ತ ಇಲಿಯಿಲ್ಲ, ಬಾವಲಿಯಿಲ್ಲ, ಚರಂಡಿ ಆ ಕಡೆ ಹಾಯುವುದೇ ಇಲ್ಲ. ಕುಂಬಳಕಾಯಿ ಎರಡು ಹೋಳಾಗಿ ಸಿಕ್ಕಿತು. ಒಳಗೆ ಹಾಲುಬಿಳುಪು, ಬೀಜ ಗಟ್ಟಿ. ಬಗ್ಗಿ ಮೂಸಿದೆ. ಆಗ ತಾನೇ ಹೆಚ್ಚಿದ ಕಾಯಿಯ ತಣ್ಣನೆಯ ವಾಸನೆ. "ನೋಡಿ ಮೇಡಂ, ಎಲ್ಲಾ ದೃಷ್ಟಿನೂ ಅದೇ ಎಳ್ಕಂಡ್ಬುಡ್ತು" ಎಂದು ಗುರುಸಿದ್ದಪ್ಪನವರು ಅದಕ್ಕೆ ಕೈಮುಗಿದರು. ಬಾಲ್ಕನಿ ಬೀಳಿಸಿದ್ದು ಅವರೇ ಹೊಡೆಸಿದ ಕೊಕ್ಕೆ.

ಬಾಲ್ಕನಿ ಬಿದ್ದ ದಿನ ಸಂಜೆಯೇ ಮನೆಗೆ ಬಂದು ದೊಡ್ಡಮ್ಮನ ಮೂಗಿಗೆ ಇಂಗಿನ ಡಬ್ಬಿ ಹಿಡಿದೆ. ಏನೂ ಇಲ್ಲ. ಕರ್ಪೂರ ಹಿಡಿದೆ. ಇಲ್ಲ. ಅವಳ ಮೂಗು ಮತ್ತೆ ಸತ್ತಿತ್ತು, ಇವತ್ತಿಗೂ ಹಾಗೇ ಇದೆ.

ದೊಡ್ಡಪ್ಪ ಬಂದು ಕಾಪಾಡಿದರು ಎಂದು ನಮ್ಮ ಮನೆಯವರ ತೀರ್ಮಾನ. ವರ್ಷಕ್ಕೊಮ್ಮೆ ಅವರಿಗೆ ಎಡೆ ಇಡುವಾಗ ಎಲ್ಲರೂ ಆ ಮಾತು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಕೃತಜ್ಞತೆ ಹುಟ್ಟುವುದಿಲ್ಲ. ಎಡೆಯ ಮುಂದೆ ನಿಂತರೆ ನಾಲಿಗೆಯ ಮೇಲೆ ಆ ಜಿಡ್ಡು ಬಂದು ಕೂರುತ್ತದೆ. ಅವರು ಹೇಳುವ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ನಾತ ನಮ್ಮೆಲ್ಲರನ್ನೂ ಎಬ್ಬಿಸಿ ಓಡಿಸಿತು, ನಿಜ. ಆದರೆ ದೊಡ್ಡಮ್ಮನನ್ನು ಅದು ಅಲ್ಲೇ ಕೂರಿಸಿತು. ಅದಕ್ಕೆ ನಮ್ಮನ್ನು ಉಳಿಸುವುದು ಬೇಕಿತ್ತೋ, ಅವಳೊಬ್ಬಳು ಹಿಂದೆ ಉಳಿಯುವುದು ಬೇಕಿತ್ತೋ?

ಈಗ ನಮ್ಮ ಸಿನಿಮಾ ತೆರಕಣಾಂಬಿ ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ ನಡೆಯುತ್ತದೆ. ಹಲಗೆ ಬರೆಯುವವಳು ಈಗಲೂ ನಾನೇ. ಮುಂದಿನ ಭಾನುವಾರ ಹಪ್ಪಳ ಒತ್ತುವ ಕಾರ್ಯಕ್ರಮ, ಆಮೇಲೆ ಒಂದು ಹಾಸ್ಯ ಚಿತ್ರ. ದೊಡ್ಡಮ್ಮ ಒಂದು ಪ್ರದರ್ಶನವನ್ನೂ ತಪ್ಪಿಸುವುದಿಲ್ಲ. ಬರಬೇಡ ಎಂದರೆ ಬಸ್ಸು ಹತ್ತಿ ತಾನೇ ಬರುತ್ತಾಳೆ. ಕಥೆ ಏನೆಂದು ಕೇಳಿದರೆ ಅವಳಿಗೆ ಗೊತ್ತಿರುವುದಿಲ್ಲ. ದೀಪ ಆರಿದ ಕೂಡಲೇ ಅವಳು ಕತ್ತು ಚಾಚಿ, ಮೆಲ್ಲಗೆ, ಉದ್ದಕ್ಕೆ ಉಸಿರೆಳೆಯುವ ಸದ್ದು ಕತ್ತಲಲ್ಲಿ ನನಗೆ ಕೇಳಿಸುತ್ತದೆ. ಚಿತ್ರ ಮುಗಿದು ದೀಪ ಬರುವವರೆಗೂ ನಾನು ಅವಳ ರಟ್ಟೆ ಬಿಡುವುದಿಲ್ಲ.