ಬೆಳೆಯದ ಬೇರು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು, ಹೆಮ್ಮೆಯಿಂದಲೇ ಹೇಳುತ್ತೇನೆ. ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ವಲಸೆ ಬಂದ ಅಮ್ಮ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸಿ ನನ್ನನ್ನು ಓದಿಸಿದಳು. ಮೂಗು ಉರಿಯುವಷ್ಟು ಬ್ಲೀಚಿಂಗ್ ಪೌಡರ್ ಹಾಕದಿದ್ದರೆ ತೊಳೆದಂತೆಯೇ ಅಲ್ಲ ಎಂದು ಅವಳ ನಂಬಿಕೆ. ಅದು ನನ್ನ ಕೈಗೂ ಇಳಿದಿತ್ತು.

೨೦೧೬ರಲ್ಲಿ ನಾನು ವಿಶಾಖಪಟ್ಟಣದಲ್ಲಿ ದಂತವೈದ್ಯಕೀಯ ಸ್ನಾತಕೋತ್ತರ ಓದುತ್ತಿದ್ದೆ. ಅದೇ ಊರಿನ ಗಾಜುವಾಕ ಬಡಾವಣೆಯಲ್ಲಿ ಬಾಡಿಗೆಗಿದ್ದ ನೌಕಾಪಡೆಯವರೊಬ್ಬರ ಹೆಂಡತಿ, ಧಾರವಾಡದ ಕಡೆಯವರು, ಎಂಟು ವರ್ಷದ ಮಗಳನ್ನು ಕರೆತಂದರು. ಬಿದ್ದು ಮುಂದಿನ ಹಲ್ಲು ಮುರಿದು ಒಳಗೆ ಕೀವಾಗಿತ್ತು.

"ನಮ್ಮ ಭಾಷಾದಾಕಿ ಸಿಕ್ಕಿರಿ, ಪುಣ್ಯಾ ಬಂತ್ರೀ. ನನಗ ತೆಲುಗು ಬರಂಗಿಲ್ಲ."

"ಇಲ್ಲಿಗೆ ಬಂದು ಎರಡ್ ವರ್ಷಾತು, ನೀರಿಗೆ 'ನೀಳ್ಳು' ಅನ್ನೂದೊಂದ ಕಲತಾಳ್ರಿ ನಮ್ಮವ್ವ," ಎಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆ ವಯಸ್ಸಿನಲ್ಲಿ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿರುತ್ತದೆ. ಬೇರಿನ ತುದಿಯಲ್ಲಿ ಅದನ್ನು ಬೆಳೆಸುವ ಆಕರಕೋಶಗಳು (ಸ್ಟೆಮ್ ಸೆಲ್) ಬದುಕಿದ್ದರೆ ಅದು ಪೂರ್ತಿಯಾದೀತೆಂಬ ಆಸೆ. ಬ್ಲೀಚಿಂಗ್ ಜಾತಿಯದೇ ಆದ ಹೈಪೋಕ್ಲೋರೈಟ್ ದ್ರಾವಣವನ್ನು ನೀರು ಬೆರೆಸದೆ ಗಟ್ಟಿಯಾಗಿಯೇ ಬಳಸಿ ಬೇರಿನ ನಾಳ ತೊಳೆದರೆ ಕ್ರಿಮಿಗಳ ಜೊತೆ ಆ ಕೋಶಗಳೂ ಸಾಯುತ್ತವೆ. ಅದಕ್ಕೇ ಇಂಥ ಮಕ್ಕಳಿಗೆ ನೀರು ಬೆರೆಸಿದ ಬಾಟಲಿ ಬೇರೆ ಇಟ್ಟಿದ್ದರು. ಇದೆಲ್ಲ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ.

ಆದರೆ ಅಂದು ಆ ತೆಳು ದ್ರಾವಣಕ್ಕೆ ವಾಸನೆಯೇ ಇರಲಿಲ್ಲ. ಕೀವು ನೋಡಿ ಮನಸ್ಸು ಒಪ್ಪಲಿಲ್ಲ. ದೊಡ್ಡವರಿಗೆಂದು ಇಟ್ಟಿದ್ದ ಗಟ್ಟಿ ದ್ರಾವಣದ ಬಾಟಲಿಯಿಂದ ಸಿರಿಂಜ್ ತುಂಬಿಕೊಂಡು ಮೂರು ಸಲ ತೊಳೆದೆ.

ತಿಂಗಳುಗಳು ಕಳೆದರೂ ಎಕ್ಸ್‌ರೇಯಲ್ಲಿ ಬೇರು ಇದ್ದಷ್ಟೇ ಇತ್ತು, ಗೋಡೆ ಕಾಗದದಷ್ಟು ತೆಳು. ವರ್ಷ ತುಂಬುವ ಮೊದಲೇ, ಪೇರಲೆ ಕಚ್ಚುವಾಗ, ಹಲ್ಲು ಬುಡದಲ್ಲೇ ಮುರಿಯಿತು.

ಪ್ರೊಫೆಸರ್ ಏನು ಬಳಸಿದೆ ಎಂದು ಕೇಳಿದರು. ಹೇಳಿದೆ.

"ಹಲ್ಲು ತೊಳೆಯುವುದೆಂದರೆ ಆಸ್ಪತ್ರೆಯ ನೆಲ ತೊಳೆಯುವುದಲ್ಲಮ್ಮಾ." ಅಮ್ಮನ ಕೆಲಸ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಮೆತ್ತಗೆ, "ತೆಳುವಾದದ್ದು ಬಳಸಿದ್ದರೂ ಬೆಳೆಯುತ್ತಿತ್ತೆಂದು ಖಚಿತವಾಗಿ ಹೇಳಲಾಗದು," ಎಂದರು.

ಆ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಹುಡುಗಿಯ ತಾಯಿಯನ್ನು ಹೊರಗೆ ಕರೆದು, ಗಟ್ಟಿ ಔಷಧ ಬಳಸಿಬಿಟ್ಟೆ, ತಪ್ಪು ನನ್ನದು ಎಂದೆ. ಅವರು ಒಳಗಿದ್ದ ಮಗಳತ್ತ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ನಮ್ಮಾಕಿ ಅಂತ ನಿಮಗ ಒಂದ್ ಮಾತೂ ಕೇಳಲಿಲ್ಲ ನೋಡ್ರಿ ನಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಳಿದ ಬೇರನ್ನು ಕೀಳುವುದೂ ನನ್ನ ಪಾಲಿಗೇ ಬಂತು. ಹುಡುಗಿ ಕುರ್ಚಿಯಲ್ಲಿ ಒರಗಿ, "ಡಾಕ್ಟರಕ್ಕಾ, ಹೊಸಾದು ಯಾವಾಗ ಬರತೈತ್ರಿ?" ಎಂದಳು.

"ಇದು ಮತ್ತ ಬರಂಗಿಲ್ಲವ್ವಾ."

"ಮೊದಲಿನೂವೆಲ್ಲಾ ಬಂದಾವಲ್ರಿ."

"ಅವು ಹಾಲುಹಲ್ಲು."

ಅವಳು ತುಟಿ ಬಿಗಿದುಕೊಂಡಳು. ಬಾಯಿ ತೆರೆ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಕೈಗವಸು ತೊಟ್ಟುಕೊಂಡು, ಅವಳಾಗಿಯೇ ತೆರೆಯುವವರೆಗೆ ಕಾಯುತ್ತ ನಿಂತೆ.