ಹಿಂದಿನ ದಿನದ ಅಂಗಳ

ಕಾಡವ್ವ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಹಳೆಯ ಗುಡಿಗಳನ್ನು ಬೆಳಕಿನ ಚಿತ್ರವಾಗಿ ತೋರಿಸುವ ಗೋಕಾಕದ ಆ ಹೊಸ ಕಟ್ಟಡದಲ್ಲಿ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ.

"ಆಯಿ, ಹಾಕ್ಕೊಂಡ ಬರ್ರಿ. ಒಳಗ ದೇವರಿಲ್ಲ," ಎಂದ ತೋರಿಸುವ ಕೆಲಸದ ಮಹೇಶ. ಬೆಲ್ಲದ ಬಾಗೇವಾಡಿಯವನು, ಕೊರಳಲ್ಲಿ ಗುರುತಿನ ಚೀಟಿ.

"ದೇವರಿಲ್ಲಂದ್ರ ಮತ್ತೇನ್ ತೋರಸ್ತೀಯೋ ತಮ್ಮಾ?"

"ಗುಡಿ ತೋರಸ್ತೇನ್ರಿ. ಬರೇ ಗುಡಿ."

ಅವಳು ಚಪ್ಪಲಿ ಹಾಕಿಕೊಳ್ಳಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಭಂಡಾರದ, ದೇವರ ಅರಿಸಿನಪುಡಿಯ ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ನನ್ನ ಹೆಗಲ ಮೇಲಿನ ಹಸಿರು ಟವೆಲ್ ನೋಡಿ, "ಗುರುಲಿಂಗಣ್ಣಾ, ಅದನ್ನ ಚೀಲದಾಗ ಇಡು. ಇಲ್ಲೂ ಧರಣಿ ಕುಂಡ್ರತೀ ಅಂತ ಹೆದರ್ಯಾರು," ಎಂದಳು. ನಕ್ಕೆವು. ಆ ದಿನ ನಕ್ಕದ್ದು ಅಷ್ಟೇ.

ಕಾಡವ್ವ ಮಸಗುಪ್ಪಿ ಕಡೆಯ ಕುರುಬರವಳು. ಎಪ್ಪತ್ತು ದಾಟಿರಬೇಕು, ಹುಟ್ಟಿದ ವರ್ಷ ಅವಳಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಬರೆದವನಿಗೂ ಗೊತ್ತಿಲ್ಲ. ಮದುವೆಯಾದ ವರ್ಷದಿಂದ ಕುರಿಗಳ ಹಿಂದೆ ನಡೆದವಳು. ದೀಪಾವಳಿ ಮುಗಿದರೆ ಹಿಂಡು ಹೊರಡಬೇಕು, ಮಳೆಗಾಲಕ್ಕೆ ತಿರುಗಿ ಬರಬೇಕು. ಇಬ್ಬರು ಗಂಡುಮಕ್ಕಳನ್ನು ಯಾರದೋ ಹೊಲದ ಬದುವಿನ ಮೇಲೆ ಹಡೆದಳು. ಹಡೆದ ನಾಲ್ಕನೇ ದಿನಕ್ಕೆ ಮತ್ತೆ ನಡೆದಳು. ಇದನ್ನು ಯಾರಾದರೂ ದೊಡ್ಡದು ಮಾಡಿ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಕುರಿ ನಿಲ್ಲುವುದಿಲ್ಲ, ಹಾಗಾಗಿ ನಡೆದೆ, ಅಷ್ಟೇ ಅವಳ ಮಾತು.

ಹಿರಿಯ ಮಗ ಸಿದ್ರಾಯ ಹನ್ನೊಂದು ವರ್ಷದ ಹಿಂದೆ ಮಹಾರಾಷ್ಟ್ರದ ಕಡೆ ರಸ್ತೆ ದಾಟುವಾಗ ಲಾರಿಗೆ ಸಿಕ್ಕು ಸತ್ತ. ಊರಿಗೆ ಹೆಣ ತರುವಂತಿರಲಿಲ್ಲ. ಅಲ್ಲೇ ಒಂದು ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಮರುವರ್ಷ ಹೋದಾಗ ಹೊಲದವನು ಅಷ್ಟೂ ಜಾಗ ನೇಗಿಲು ಹೊಡೆದಿದ್ದ.

ಅಡವಿಯಲ್ಲಿ ಸತ್ತವರಿಗೆ ಅವರ ಮಂದಿಯಲ್ಲಿ ಒಂದು ಪದ್ಧತಿ ಇದೆ. ಮಣ್ಣು ಮಾಡಿದ ಜಾಗದಿಂದ ಮುಷ್ಟಿಗಾತ್ರದ ಒಂದು ಕಲ್ಲು ತರುತ್ತಾರೆ. ಗುಡ್ಡದ ಮೇಲಿನ ಬೀರದೇವರ ಕಲ್ಲುಗುಡಿಯ ಅಂಗಳದಲ್ಲಿ ಇಡುತ್ತಾರೆ. ಹಿಂಡು ಹೊರಡುವ ಮೊದಲು ಅದಕ್ಕೆ ಭಂಡಾರ ಹಚ್ಚಿ, ಚೂರು ಉಣ್ಣೆ ಇಟ್ಟು, ಸತ್ತವನಿಗೆ ಹೇಳಿಯೇ ಹೊರಡುತ್ತಾರೆ. ಕಲ್ಲಿನ ಮೇಲೆ ಹೆಸರಿಲ್ಲ, ಗುರುತಿಲ್ಲ. ಇಟ್ಟ ಜಾಗವೇ ಗುರುತು. ಸಿದ್ರಾಯನದು ದೀಪದ ಕಂಬದಿಂದ ತೆಂಕಣಕ್ಕೆ ಮೂರನೆಯದು. ಆ ಕಲ್ಲನ್ನು ಕಾಡವ್ವ ನಾಲ್ಕು ತಿಂಗಳು ಸೆರಗಿನಲ್ಲಿ ಕಟ್ಟಿಕೊಂಡು ನಡೆದಿದ್ದಳು.

ನಾಲ್ಕು ವರ್ಷದ ಹಿಂದೆ ಗುಡಿ ಹಳೆಯದು, ಬೀಳುತ್ತದೆ, ಮುಚ್ಚುತ್ತೇವೆ ಎಂದು ಸರಕಾರದವರು ಬಂದರು. ನಾವು ಮೂಡಲಗಿಯಲ್ಲಿ ಹನ್ನೆರಡು ದಿನ ಧರಣಿ ಕುಳಿತೆವು. ಕೊನೆಗೆ ಒಪ್ಪಂದವಾಯಿತು. ಮೊದಲು ಇಡೀ ಗುಡಿಯನ್ನು ಮೂಲೆ ಮೂಲೆಯ ಫೋಟೋ ತೆಗೆಯುವ ಯಂತ್ರದಲ್ಲಿ ಹಿಡಿದಿಡುವುದು, ಆಮೇಲೆ ಒಂದೇ ವರ್ಷ ಮುಚ್ಚಿ ದುರಸ್ತಿ. "ಒಂದು ಕಲ್ಲೂ ಕಳೆಯುವುದಿಲ್ಲ" ಎಂದರು ಸಾಹೇಬರು. ಸಹಿ ಮಾಡಿದವನು ನಾನು. ಚಪ್ಪಾಳೆಯೂ ಬಿತ್ತು.

ಯಂತ್ರದವರು ಬರುವ ಹಿಂದಿನ ಸಂಜೆ ನಾನೇ ಹೆಣ್ಣುಮಕ್ಕಳಿಗೆ ಹೇಳಿದೆ, "ದೂರದಿಂದ ಮಂದಿ ಬರಾಕತ್ತಾರ, ಅಂಗಳಾ ಚೊಲೋ ಮಾಡ್ರಿ." ಹಬ್ಬಕ್ಕೆ ಮಾಡುವಂತೆ ಮಾಡಿದರು. ಕಲ್ಲುಗಳನ್ನೆಲ್ಲ ಎತ್ತಿ ಗೋಡೆಯ ಹಿಂದೆ ಗುಂಪಿಯಾಗಿ ಇಟ್ಟರು. ಹಳದಿ ಕಲೆ ಹೋಗುವ ತನಕ ನೆಲ ತಿಕ್ಕಿದರು. ಎಲ್ಲರಿಗಿಂತ ಮುಂದೆ ನಿಂತು, ಬೆಳಗ್ಗೆ ಎದ್ದು ಮತ್ತೊಮ್ಮೆ ನೀರು ಹಾಕಿ ಗುಡಿಸಿದವಳು ಕಾಡವ್ವ. ಫೋಟೋ ಮುಗಿದ ಮೇಲೆ ಅವರವರ ಕಲ್ಲು ಅವರವರು ಇಟ್ಟರಾಯಿತು ಎಂದುಕೊಂಡರು. ಆ ಕಲ್ಲುಗಳು ಏನೆಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೊಳೆಯಲಿಲ್ಲ.

ಯಂತ್ರದವರು ಹೋದ ಮರುದಿನವೇ ಬೀಗ ಬಿತ್ತು. ಗೋಡೆಯ ಹಿಂದಿನ ಗುಂಪಿಯನ್ನು ಗುತ್ತಿಗೆಯವರ ಆಳುಗಳು ಟ್ರ್ಯಾಕ್ಟರಿಗೆ ತುಂಬಿದರು. ಬೇಲಿಯ ಕಂಬ ನಿಲ್ಲಿಸುವ ತಗ್ಗುಗಳಿಗೆ ಸುರಿದು ಮೇಲೆ ಸಿಮೆಂಟು ಹಾಕಿದರು. ಒಂದು ವರ್ಷ ಎಂದವರು ನಾಲ್ಕು ವರ್ಷವಾದರೂ ಬೀಗ ತೆಗೆದಿಲ್ಲ.

ಕಾಡವ್ವನಿಗೆ ಉಳಿದದ್ದು ಒಂದೇ ಆಸೆ. ಸುಣ್ಣದ ಕೆಳಗಿದ್ದದ್ದು, ಎಂಟುನೂರು ವರ್ಷದ ಹಿಂದೆ ಇದ್ದದ್ದು, ಎಲ್ಲ ಆ ಯಂತ್ರಕ್ಕೆ ಕಾಣುತ್ತದಂತೆ ಎಂದು ಯಾರೋ ಹೇಳಿದ್ದರು. ಹಾಗಿದ್ದರೆ ಸಿದ್ರಾಯನ ಕಲ್ಲೂ ಕಂಡಿರಬೇಕು. ಕಂಡರೆ ಅಲ್ಲೇ ಭಂಡಾರ ಹಚ್ಚಿ ಬರುವುದು. ಸೋಮವಾರ ಕಿರಿಯ ಮಗ ಮಾಲಿಂಗಪ್ಪನ ಹಿಂಡು ಹೊರಡಲಿತ್ತು. ಅಣ್ಣನಿಗೆ ಹೇಳದೆ ಮೂರು ವರ್ಷ ಹೊರಟಿದ್ದೇ ಅವನನ್ನು ಅರ್ಧ ಮಾಡಿತ್ತು.

ಗೋಕಾಕದ ಕಟ್ಟಡದೊಳಗೆ ದೀಪ ಆರಿದವು. ನಾಲ್ಕೂ ಗೋಡೆ, ನೆಲ, ಎಲ್ಲ ಕಡೆ ಗುಡಿ ಎದ್ದು ನಿಂತಿತು. ಮೊದಲು ಎಂಟುನೂರು ವರ್ಷದ ಹಿಂದಿನದು. ಶಿಲ್ಪಿಗಳು, ಆನೆ, ರೇಷ್ಮೆ ಉಟ್ಟ ರಾಣಿ. ಒಂದೂ ಕುರಿ ಇರಲಿಲ್ಲ. ಆಮೇಲೆ ಈಗಿನ ಗುಡಿ. ಕಾಡವ್ವ ಬೆಳಕಿನ ನೆಲದ ಮೇಲೆ ಸರಸರ ನಡೆದು ದೀಪದ ಕಂಬದ ಹತ್ತಿರ ನಿಂತಳು. ತೆಂಕಣಕ್ಕೆ ತಿರುಗಿದಳು. ಅಂಗಳ ಬೋಳು.

"ತಮ್ಮಾ, ಇದರ ಹಿಂದಿನ ದಿನದ್ದು ಹಚ್ಚು."

"ಹಿಂದಿನ ದಿನದ್ದು ಇರಂಗಿಲ್ಲ ಆಯಿ."

"ಎಂಟುನೂರು ವರ್ಷದ್ದು ತೋರಿಸಿದ್ಯಲ್ಲೋ! ನಾ ಕೇಳೋದು ಒಂದ ದಿನದ್ದು."

"ಅದು ಚಿತ್ರಾ ಬರದು ಮಾಡಿದ್ದರಿ. ಇದು ಖರೆ ಹಿಡಿದಿದ್ದು. ಅವತ್ತ ಏನಿತ್ತೋ ಅಷ್ಟ ಬರತೈತಿ."

ಅವಳು ಕೂತಳು. ನೆಲದ ಚಿತ್ರಕ್ಕೆ ಮುಖ ಹತ್ತಿರ ತಂದಳು. ಕಲ್ಲುಹಾಸಿನ ಮೇಲೆ ಇನ್ನೂ ಆರದ ನೀರು, ಅದರೊಳಗೆ ಅರ್ಧಚಂದ್ರದ ಹಾಗೆ ಒಂದರ ಮೇಲೊಂದು ಗೆರೆ.

"ಅಣ್ಣಾ, ಇದು ನನ್ನ ಕಸಬರಿಗಿ ಗೆರಿ," ಎಂದಳು. "ನಾ ಎಡಗೈಲೆ ಹೊಡೀತೇನಿ. ನೋಡು, ಎಲ್ಲಾ ಆ ಕಡೆ ಹೊಳ್ಳ್ಯಾವ."

ನಿಜ. ಒಂದು ಗೆರೆಯೂ ಕಳೆದಿರಲಿಲ್ಲ.

"ಗುಡಿಸ್ರಿ ಅಂದಾಂವ ನಾನವ್ವಾ," ಎಂದೆ.

"ನೀ ಅಂದಿ. ಕೈ ನಂದು."

ಅವಳು ಚೀಲ ಬಿಚ್ಚಿದಳು. ಮಹೇಶ ಓಡಿ ಬಂದ. "ಆಯಿ, ಪುಡಿ ಹಾರಿದ್ರ ಮಶೀನ್ ಕೆಡತಾವ. ನನ್ನ ನೌಕರಿ ಹೋಗತೈತ್ರಿ." ಬೈಯಲಿಲ್ಲ ಅವನು, ಕೈ ಮುಗಿದ. ಕಾಡವ್ವ ಅವನ ಮುಖ ನೋಡಿ ಚೀಲದ ಬಾಯಿ ಮತ್ತೆ ಕಟ್ಟಿದಳು. ಅಷ್ಟರಲ್ಲಿ ಗುಡಿ ಆರಿತು. ಮುಂದಿನ ತಂಡದ ಶಾಲೆಯ ಹುಡುಗಿಯರು ಕಿಲಕಿಲ ಎನ್ನುತ್ತ ಒಳಗೆ ಬಂದರು.

ಮೂಡಲಗಿ ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ ಹೇಳಿದಳು, "ಮಾಲಿಂಗ ಕೇಳ್ತಾನ. ಹಚ್ಚಿ ಬಂದೆ ಅಂತೇನಿ. ನೀನೂ ಹಂಗ ಹೇಳು."

ಸೋಮವಾರ ಹಿಂಡು ರಸ್ತೆಗೆ ಇಳಿದಾಗ ಮಾಲಿಂಗಪ್ಪ ಕಂಬಳಿ ಸರಿಮಾಡಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಕಾಕಾ, ಅಣ್ಣನ ಕಲ್ಲು ಅಲ್ಲೇ ಐತೇನ್ರಿ?"

"ಐತಿ," ಎಂದೆ. "ಕಂಬದಿಂದ ಮೂರನೇದು."

ಅವನು ಅಲ್ಲೇ ನಿಂತು ಗೋಕಾಕದ ದಿಕ್ಕಿಗೆ ಕೈ ಮುಗಿದ. ಕಾಡವ್ವ ಮುಖ ತಿರುಗಿಸಿಕೊಂಡು ಕುರಿಗಳನ್ನು ಹೊಡೆಯಲು ಹೋದಳು.